ಮದಗದ ಮೊಡೆಂಜಿ, ಅಮೆರಿಕದ ಕಪ್ಪೆ

ಬ್ರಹ್ಮಾವರದಿಂದ ಒಳಗೆ, ನನ್ನ ಸೋದರಮಾವನ ಮನೆಯ ಬೈಲಿನ ತಲೆಯಲ್ಲಿ ಒಂದು ಮದಗ, ಅಂದರೆ ಸಣ್ಣ ಕೆರೆ, ಇದೆ. ಹೆಚ್ಚೆಂದರೆ ಒಂದೂವರೆ ಎಕರೆ. ಮೂಡು ಬದಿಯಲ್ಲಿ ಮುರಕಲ್ಲಿನ ದರೆ (ಕಡಿದಾದ ದಿಬ್ಬ), ಪಡು ಬದಿಯಲ್ಲಿ ಗದ್ದೆ, ಬಡಗಿನಿಂದ ಒಂದು ತೋಡು (ಸಣ್ಣ ಹಳ್ಳ) ಬಂದು ಸೇರುತ್ತದೆ, ತೆಂಕಿಗೆ ಕೋಡಿ. ಊರಿನ ಹೆಸರು ಬರೆಯುವುದಿಲ್ಲ. ಅಷ್ಟು ಸಣ್ಣ ನೀರು ಹತ್ತು ಜನರ ಗಾಳವನ್ನು ತಡೆದುಕೊಳ್ಳುವುದಿಲ್ಲ. 2019ರ ಮಳೆಗಾಲ ಮುಗಿದ ಮೇಲೆ ಅಲ್ಲಿ ಲ್ಯೂರ್, ಅಂದರೆ ಗಾಳದ ಕೃತಕ ಎರೆ, ಎಸೆಯಲು ಶುರುಮಾಡಿದೆ. ಆ ಮೊದಲ ವರ್ಷ ಒಂದು ಮೀನೂ ಸಿಗಲಿಲ್ಲ.

ಕಾರಣ ಈಗ ಗೊತ್ತಿದೆ. ನಾನು ಕಲಿತದ್ದೆಲ್ಲ ಅಮೆರಿಕದವರ ಬಾಸ್ ಹಿಡಿಯುವ ವಿಡಿಯೊಗಳಿಂದ. ಲಾರ್ಜ್‌ಮೌತ್ ಬಾಸ್ ಅವರ ಮೀನು, ನಮ್ಮ ಕೆರೆಗಳದ್ದಲ್ಲ. ಅವರ ವರ್ಷ ಓಡುವುದು ನೀರಿನ ಬಿಸಿಯ ಲೆಕ್ಕದಲ್ಲಿ. ಚಳಿಗಾಲದಲ್ಲಿ ಆಳಕ್ಕೆ ಇಳಿದ ಮೀನು ವಸಂತದಲ್ಲಿ ನೀರು ಸುಮಾರು 16 ಡಿಗ್ರಿ ದಾಟುತ್ತಿದ್ದಂತೆ ದಡಕ್ಕೆ ಬರುತ್ತದೆ. ಗಂಡು ಮೀನು ಬಾಲದಿಂದ ಗುಂಡಿ ಮಾಡಿ, ಮೊಟ್ಟೆಗೆ ಕಾವಲು ನಿಲ್ಲುತ್ತದೆ. ನಾನು ಆ ಕ್ಯಾಲೆಂಡರನ್ನೇ ಇಟ್ಟುಕೊಂಡು ಮಾರ್ಚ್ ತಿಂಗಳಲ್ಲಿ ದಡದ ಬದಿ, ಜನವರಿಯಲ್ಲಿ ಆಳ ಎಂದು ಎಸೆಯುತ್ತಿದ್ದೆ. ಉಡುಪಿಯಲ್ಲಿ ನೀರು 16 ಡಿಗ್ರಿಗೆ ಇಳಿಯುವುದು ಯಾವಾಗ? ಇಲ್ಲಿ ಮೀನಿನ ವರ್ಷವನ್ನು ನಡೆಸುವುದು ಮಳೆ. ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮದಗದ ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ, ನೈದಿಲೆ ಎಲ್ಲಿಯವರೆಗೆ ಹಬ್ಬಿದೆ, ಇಷ್ಟು ಕಂಡರೆ ಮೀನು ಎಲ್ಲಿದೆ ಎಂದು ಹೇಳಬಹುದು. ಥರ್ಮಾಮೀಟರ್ ಬೇಡ.

ನಮ್ಮ ಮದಗದಲ್ಲಿ ಬಾಸಿನ ಜಾಗದಲ್ಲಿ ಇರುವುದು ತುಳುವಿನವರು ಮೊಡೆಂಜಿ ಎನ್ನುವ ಮೀನು. ಮೀನುಗಾರಿಕೆಯವರ ಭಾಷೆಯಲ್ಲಿ ಮುರ್ರೆಲ್, ಲ್ಯೂರ್ ಎಸೆಯುವ ಹುಡುಗರ ಬಾಯಲ್ಲಿ ಸ್ನೇಕ್‌ಹೆಡ್. ಹಾವಿನ ತಲೆ, ಗುಂಡಗಿನ ಉದ್ದ ಮೈ, ಒಳಗೆ ಚೂಪು ಹಲ್ಲು. ಬಾಸಿನಂತೆಯೇ ಇದೂ ಹೊಂಚುಹಾಕುವ ಮೀನು, ಮರಿ ಕಾಯುವ ಮೀನು. ಆದರೆ ಒಂದು ವಿಷಯದಲ್ಲಿ ಪೂರ್ತಿ ಬೇರೆ. ಇದು ಗಾಳಿ ಕುಡಿಯುತ್ತದೆ. ಕಿವಿರಿನ ಮೇಲ್ಭಾಗದಲ್ಲಿ ಗಾಳಿ ಹೀರಿಕೊಳ್ಳುವ ಬೇರೆ ಅಂಗವೇ ಇದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಳ್ಳದಿದ್ದರೆ ನೀರಿನೊಳಗೇ ಉಸಿರುಕಟ್ಟುತ್ತದೆ.

ಇದನ್ನು ನನಗೆ ಹೇಳಿಕೊಟ್ಟವರು ಮಾವ. ಒಂದು ಬೆಳಿಗ್ಗೆ ನಾನು ಎಡಬಿಡದೆ ಎಸೆಯುತ್ತಿದ್ದಾಗ ಗದ್ದೆಯ ಅಂಚಿನಲ್ಲಿ ನಿಂತು ನೋಡುತ್ತಿದ್ದರು. "ಎಸೂದ್ ಮತ್ತೆ ಮಾಣಿ, ಮೊದ್ಲ್ ಕೂಕಂಡ್ ಕಾಣ್. ಅದ್ ಉಸ್ರ್ ತೆಗುಕ್ ಮೇಲ್ ಬತ್ತಿಲ್ಯಾ?" ಎಂದರು. ಕೂತೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ನೈದಿಲೆ ಎಲೆಗಳ ನಡುವೆ 'ಪ್ಲಕ್' ಎಂದು ಒಂದು ಸದ್ದು, ಒಂದು ಸಣ್ಣ ಸುಳಿ, ಎರಡು ಮೂರು ಗುಳ್ಳೆ. ಮೀನು ಮೇಲೆ ಬಂದು ಹೋಗಿತ್ತು. ಒಂದು ವರ್ಷ ನಾನು ಆ ಜಾಗವನ್ನು ಬಿಟ್ಟು ಉಳಿದ ಎಲ್ಲ ಕಡೆಗೂ ಎಸೆದಿದ್ದೆ. ಈಗ ಮದಗಕ್ಕೆ ಹೋದರೆ ಮೊದಲ ಅರ್ಧ ಗಂಟೆ ರಾಡ್ ಬಿಚ್ಚುವುದೇ ಇಲ್ಲ. ದೊಡ್ಡ ಮೀನಿನ ಉಸಿರು ಸದ್ದಿನಲ್ಲೇ ಗೊತ್ತಾಗುತ್ತದೆ. ಸಣ್ಣದು ಚಿಟಿಕೆ ಹೊಡೆದ ಹಾಗೆ, ದೊಡ್ಡದು ತೆಂಗಿನಕಾಯಿ ನೀರಿಗೆ ಮುಳುಗಿದ ಹಾಗೆ. ಮೇಲೆ ಬಂದ ಮೀನು ಹೆಚ್ಚಾಗಿ ಅಲ್ಲಿಯೇ ಸುತ್ತಮುತ್ತ ಇರುತ್ತದೆ. ಸುಳಿಯ ನೆತ್ತಿಗೇ ಎಸೆದರೆ ಬೆದರಿ ಓಡುತ್ತದೆ, ಎರಡು ಮಾರು ಆಚೆಗೆ ಎಸೆದು ಅದರ ದಾರಿಗೆ ಎಳೆದು ತರಬೇಕು.

ನನ್ನ ಅನುಭವದಲ್ಲಿ ವರ್ಷದ ಒಳ್ಳೆಯ ಕಾಲ ನವರಾತ್ರಿಯಿಂದ ದೀಪಾವಳಿ ದಾಟಿ ನವೆಂಬರ್ ಮುಗಿಯುವವರೆಗೆ. ಮಳೆ ನಿಂತು ಕೆಸರು ತಳಕ್ಕೆ ಇಳಿದಿರುತ್ತದೆ, ನೀರು ಇನ್ನೂ ಕೋಡಿಯ ಮಟ್ಟದಲ್ಲೇ ಇರುತ್ತದೆ, ನೈದಿಲೆ ಪಡು ದಂಡೆಯನ್ನು ಪೂರ್ತಿ ಮುಚ್ಚಿರುತ್ತದೆ. ಏಣೆಲು (ಮಳೆಗಾಲದ ಭತ್ತ) ಬೆಳೆಯ ಗದ್ದೆಯಿಂದ ಕಪ್ಪೆಗಳು ಹಾರಿ ಹಾರಿ ನೀರಿಗೆ ಬೀಳುತ್ತವೆ. ಆಗ ಬೇಕಾದ್ದು ಒಂದೇ ಲ್ಯೂರ್, ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ. ಅಮೆರಿಕದವರು ಬಾಸಿಗಾಗಿ ಬಳಸುವುದೂ ಇದನ್ನೇ. ಅವರಿಂದ ನಾನು ಕಲಿತದ್ದರಲ್ಲಿ ನಮ್ಮ ನೀರಿಗೆ ಹಾಗೆಯೇ ಒಗ್ಗಿದ್ದು ಇದು ಮಾತ್ರ. ಎರಡು ಕೊಕ್ಕೆಗಳೂ ಬೆನ್ನಿಗೆ ಅಂಟಿಕೊಂಡಿರುವುದರಿಂದ ಎಲೆಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಹೊಟ್ಟೆ ಚಪ್ಪಟೆಯಾಗಿ ಕೊಕ್ಕೆ ಹೊರಬರುತ್ತದೆ. ಅಂಗಡಿಯಿಂದ ತಂದ ಕೂಡಲೇ ನಾನು ಅದರ ದಾರದ ಕಾಲುಗಳನ್ನು ಅರ್ಧ ಇಂಚು ಕತ್ತರಿಸುತ್ತೇನೆ, ಒಂದು ಕಾಲನ್ನು ಇನ್ನೂ ಸ್ವಲ್ಪ ಗಿಡ್ಡ. ಉದ್ದ ಕಾಲು ಇದ್ದರೆ ಮೀನು ಬರೇ ಕಾಲನ್ನು ಹಿಡಿದು ಬಿಡುತ್ತದೆ. ಒಂದು ಕಾಲು ಗಿಡ್ಡ ಆದರೆ ಕಪ್ಪೆ ನೇರ ಬರದೆ ಎಡಕ್ಕೆ ಬಲಕ್ಕೆ ತಲೆ ಅಲ್ಲಾಡಿಸುತ್ತದೆ. ಎರಡು ಮೂರು ಎಸೆತಕ್ಕೊಮ್ಮೆ ಹಿಂಡಿ ಒಳಗಿನ ನೀರು ತೆಗೆಯಲೇಬೇಕು, ಇಲ್ಲದಿದ್ದರೆ ಮುಳುಗುತ್ತದೆ.

ಬಣ್ಣದ ಬಗ್ಗೆ ಅಂಗಡಿಯವರು ಬೇಕಾದಷ್ಟು ಹೇಳುತ್ತಾರೆ. ಮೀನಿಗೆ ಕಾಣುವುದು ಹೊಟ್ಟೆ, ಬೆನ್ನಿನ ಚುಕ್ಕೆಗಳು ಕೊಳ್ಳುವವರಿಗಾಗಿ. ಬೆಳಕು ಹರಿಯುವಾಗ, ಮೋಡ ಇದ್ದಾಗ ಕಪ್ಪು. ಬಿಸಿಲು ಏರಿದ ಮೇಲೆ ಬಿಳಿ ಅಥವಾ ಹಳದಿ ಹೊಟ್ಟೆ. ನನ್ನ ಡಬ್ಬಿಯಲ್ಲಿ ಈಗ ಈ ಎರಡು ಮಾತ್ರ.

ಎಸೆಯುವ ರೀತಿ ಹೀಗೆ. ಎದುರು ದಂಡೆಯ ಹುಲ್ಲಿನ ಮೇಲೆಯೇ ಕಪ್ಪೆಯನ್ನು ಬೀಳಿಸಿ, ಅಲ್ಲಿಂದ ನೀರಿಗೆ 'ತುಪ್ಪ' ಎಂದು ಇಳಿಸುತ್ತೇನೆ. ಎಲೆಯ ಮೇಲೆ ಎರಡು ಜಿಗಿತ, ಎಲೆಗಳ ನಡುವಿನ ಖಾಲಿ ಕಿಂಡಿಗೆ ಬಂದಾಗ ನಿಲ್ಲಿಸುವುದು. ಹೊಡೆತ ಬೀಳುವುದು ಆ ನಿಂತ ಹೊತ್ತಿನಲ್ಲಿ. ಎಲೆ ಸಮೇತ ನೀರು ಸಿಡಿದು ಎದೆ ಒಮ್ಮೆ ನಿಂತುಬಿಡುತ್ತದೆ, ಕೈ ತಾನಾಗಿ ರಾಡನ್ನು ಎಳೆಯುತ್ತದೆ. ಅಲ್ಲಿಯೇ ಮೀನು ತಪ್ಪುವುದು. ನಾನು ಸಾಲಾಗಿ ಏಳು ಮೀನು ಹೀಗೆ ಕಳೆದುಕೊಂಡಿದ್ದೇನೆ. ಈಗ ಬಾಯಿಬಿಟ್ಟು "ಒಂದು, ಎರಡು" ಎಂದು ಎಣಿಸುತ್ತೇನೆ. ದಾರದಲ್ಲಿ ಮೀನಿನ ಭಾರ ಗೊತ್ತಾದ ಮೇಲೆ ಪೂರ್ತಿ ಬಲ ಹಾಕಿ ಎಳೆಯುವುದು, ಆಮೇಲೆ ಒಂದು ಗಳಿಗೆಯೂ ಸಡಿಲ ಬಿಡದೆ ಎಲೆಗಳ ಮೇಲೆ ಜಾರಿಸಿ ತರುವುದು. ನೈದಿಲೆ ದಂಟಿಗೆ ಸುತ್ತಿಕೊಂಡರೆ ಮುಗಿಯಿತು. ಇದಕ್ಕೇ 40 ಪೌಂಡ್ ಭಾರ ತಾಳುವ ಬ್ರೇಡ್ (ಹೆಣೆದ) ದಾರ, ಏಳು ಅಡಿಯ ಗಟ್ಟಿ ರಾಡ್. ಸಪೂರ ದಾರದ ನಾಜೂಕು ಈ ಮೀನಿಗೆ ಸಲ್ಲದು. ಇಕ್ಕುಳ ಕಿಸೆಯಲ್ಲಿ ಇರಲಿ, ಬೆರಳು ಬಾಯಿಗೆ ಹಾಕಬೇಡಿ.

ಡಿಸೆಂಬರ್, ಜನವರಿ ನಿಧಾನದ ಕಾಲ. ಮುಂಜಾನೆ 20 ಡಿಗ್ರಿ ಆಸುಪಾಸಿಗೆ ಇಳಿದರೆ ನಮಗೆ ಅದೇ ಚಳಿ. ಬೇಗ ಎದ್ದು ಹೋಗಿ ಪ್ರಯೋಜನವಿಲ್ಲ, ಬಿಸಿಲು ದರೆಯನ್ನು ದಾಟಿ ನೀರಿಗೆ ಬೀಳುವ ಒಂಬತ್ತು, ಹತ್ತು ಗಂಟೆಗೆ ಹೋದರೆ ಸಾಕು. ಸುಗ್ಗಿ ಬೆಳೆಗೆ ನೀರು ಬಿಡುವುದರಿಂದ ಮಟ್ಟ ಇಳಿಯಲು ಶುರುವಾಗುತ್ತದೆ. ಮೀನು ಎಲೆಯ ಅಂಚಿನಿಂದ ದರೆಯ ಬುಡದ ಕಲ್ಲುಗಳತ್ತ ಸರಿಯುತ್ತದೆ. ಅಲ್ಲಿ ಬಾಲ ಅಲ್ಲಾಡುವ ಮೆತ್ತನೆಯ ರಬ್ಬರ್ ಮೀನನ್ನು, ಕೊಕ್ಕೆಯ ತುದಿ ಅದರ ಮೈಯೊಳಗೆ ಅಡಗುವಂತೆ ಚುಚ್ಚಿ, ತಳಕ್ಕೆ ತಾಗಿಸಿ ಎಳೆಯುತ್ತೇನೆ. ದಿನಕ್ಕೆ ಒಂದು ಹೊಡೆತ ಬಂದರೆ ಹೆಚ್ಚು.

ಮಾರ್ಚ್ ಹೊತ್ತಿಗೆ ನೈದಿಲೆ ಒಣಗಿ, ಪಡು ದಂಡೆ ಬಿರುಕು ಬಿಟ್ಟ ಕೆಸರು. ಏಪ್ರಿಲ್‌ನಲ್ಲಿ ಉಳಿಯುವುದು ದರೆಯ ಬುಡದ ಗುಂಡಿ ಮಾತ್ರ. ಮೀನುಗಳೆಲ್ಲ ಅಲ್ಲಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಉಸಿರಿಗೆ ಮತ್ತೆ ಮತ್ತೆ ಮೇಲೆ ಬರುತ್ತವೆ. ಗುಂಡಿಯ ತುಂಬ 'ಪ್ಲಕ್, ಪ್ಲಕ್'. ಸಣ್ಣ ಚಮಚದಂಥ ಹೊಳೆಯುವ ಸ್ಪೂನ್ ಎಸೆದರೆ ಯಾರು ಬೇಕಾದರೂ ಹಿಡಿಯಬಹುದು. ಹಾಗಾಗಿಯೇ ಆಗ ನಾನು ಒಂದು ಮೀನು ಸಿಕ್ಕರೆ ರಾಡ್ ಕಟ್ಟಿಡುತ್ತೇನೆ. ಆ ಗುಂಡಿಯಲ್ಲಿ ಉಳಿದವೇ ಮುಂದಿನ ವರ್ಷದ ಮದಗ. ನೀರು ಪೂರ್ತಿ ಬತ್ತಿದರೂ ಒದ್ದೆ ಕೆಸರಿನೊಳಗೆ ಹೊಕ್ಕು ಮೈ ಒಣಗದಂತೆ ದಿನ ದೂಡುವ ಮೀನು ಇದು. ಪಂಪ್ ಇಟ್ಟು ನೀರು ಖಾಲಿ ಮಾಡಿ ಬುಟ್ಟಿಯಲ್ಲಿ ತುಂಬುವವರಿಂದ ಮಾತ್ರ ತಪ್ಪಿಸಿಕೊಳ್ಳಲಾರದು. ಒಂದು ವರ್ಷ ಹಾಗೆ ಮಾಡಲು ಬಂದವರನ್ನು ಮಾವ ಅಂಚಿನಿಂದಲೇ ಹಿಂದೆ ಕಳಿಸಿದರು.

ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಸಂಜೆ ಒಂದು ಗುಡುಗಿನ ಮಳೆ ಬಂದು ನಿಂತಾಗ ಮತ್ತೆ ಕಪ್ಪೆ ಕಟ್ಟುತ್ತೇನೆ. ಗೆದ್ದಲು ರೆಕ್ಕೆ ಬಿಚ್ಚಿ ನೀರಿನ ಮೇಲೆ ಬೀಳುತ್ತಿರುತ್ತದೆ, ನಿಜವಾದ ಕಪ್ಪೆಗಳು ಕೂಗಲು ಶುರುಮಾಡಿರುತ್ತವೆ. ನನ್ನ ಅತಿ ದೊಡ್ಡ ಮೊಡೆಂಜಿ, ಎರಡೂವರೆ ಕಿಲೋ ದಾಟಿದ್ದು, ಸಿಕ್ಕಿದ್ದು ಇಂಥ ಒಂದು ಸಂಜೆ. ಅತ್ತೆ ಒಲೆಯ ಬೂದಿ ಹಾಕಿ ಲೋಳೆ ಉಜ್ಜಿ ತೆಗೆದು ಸಾರು ಮಾಡಿದರು. ಆದರೆ ಮಿಂಚು ದೂರದಲ್ಲಿ ಕಂಡರೂ ಎದ್ದು ಬನ್ನಿ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ, ಬಯಲಿನಲ್ಲಿ ಅದನ್ನು ಎತ್ತಿ ಹಿಡಿದು ನಿಲ್ಲುವುದು ಜೀವಕ್ಕೆ ಅಪಾಯ.

ಜೂನ್‌ನಲ್ಲಿ ನಾನು ಎಸೆಯುವುದಿಲ್ಲ. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಊರಿನ ಕಣ್ಣೆಲ್ಲ ತೋಡು, ಗದ್ದೆಗಳ ಮೇಲೆ. ಮೊದಲ ನೆರೆಗೆ ಮೀನು ತೋಡು ಹತ್ತಿ ಬರುವುದನ್ನು ಉಬೆರ್ ಎನ್ನುತ್ತಾರೆ, ಹಿಡಿಯುವುದು ಹಬ್ಬದಂತೆ ನಡೆಯುತ್ತದೆ. ಆ ಸಂಭ್ರಮ ನಾನೂ ಚಿಕ್ಕಂದಿನಲ್ಲಿ ಕಂಡಿದ್ದೇನೆ. ಆದರೆ ಆ ಮೀನಿನ ಹೊಟ್ಟೆಯ ತುಂಬ ಮೊಟ್ಟೆ.

2021ರ ಆಗಸ್ಟ್‌ನಲ್ಲಿ, ಆಟಿ ತಿಂಗಳ ಮಳೆ ಒಂದು ದಿನ ಬಿಟ್ಟಾಗ, ಕೋಡಿಯ ಹತ್ತಿರ ಕೆಂಪಗಿನ ಒಂದು ಚೆಂಡು ನೀರಿನ ಮೇಲೆ ಕುದಿಯುವಂತೆ ಕಂಡಿತು. ಮೊಡೆಂಜಿಯ ಮರಿಗಳು, ನೂರಾರು, ಒಟ್ಟಿಗೇ ಗಾಳಿಗೆ ಮೇಲೆ ಬರುತ್ತಿದ್ದವು. ಅಡಿಯಲ್ಲಿ ತಾಯಿ, ತಂದೆ ಇರುತ್ತವೆ, ಹತ್ತಿರ ಏನು ಬಂದರೂ ಹೊಡೆಯುತ್ತವೆ. ನನಗೆ ಗೊತ್ತಿತ್ತು. ಕಪ್ಪೆ ಎಸೆದೆ, ಮೊದಲ ಎಸೆತಕ್ಕೇ ಒಂದು ಸಿಕ್ಕಿತು. ದಂಡೆಗೆ ಎಳೆದು ತಲೆ ಎತ್ತಿ ನೋಡುವಾಗ ಕೆಂಪು ಚೆಂಡು ಚದುರಿತ್ತು, ಸಣ್ಣ ಮೀನುಗಳು ನಾಲ್ಕೂ ಬದಿಯಿಂದ ನುಗ್ಗಿ ಮರಿಗಳನ್ನು ತಿನ್ನುತ್ತಿದ್ದವು. ಹಿಡಿದದ್ದನ್ನು ಕೂಡಲೇ ಬಿಟ್ಟೆ. ಮರುದಿನ, ಅದರ ಮರುದಿನ ಹೋಗಿ ಕೂತು ನೋಡಿದೆ. ಚೆಂಡು ಮತ್ತೆ ಕಾಣಲಿಲ್ಲ.

ಆ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನನ್ನ ರಾಡ್ ಅಟ್ಟದಲ್ಲಿ. ಮದಗಕ್ಕೆ ಹೋಗುವುದು ಬಿಟ್ಟಿಲ್ಲ. ಗಂಬೂಟು ಹಾಕಿಕೊಂಡೇ ಹೋಗುತ್ತೇನೆ, ಮಳೆಗಾಲದ ಕೆಸರಿಗೆ ಗಾಯದ ಕಾಲಿಟ್ಟರೆ ಇಲಿಜ್ವರದ ಭಯ ನಮ್ಮ ಜಿಲ್ಲೆಯಲ್ಲಿ ಇದ್ದದ್ದೇ. ಕೋಡಿಯ ಕಲ್ಲಿನ ಮೇಲೆ ಕೊಡೆ ಹಿಡಿದು ಕೂತು ಕೆಂಪು ಚೆಂಡುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಹೋದ ಮಳೆಗಾಲ ನಾಲ್ಕು ಕಂಡವು. ಎರಡು ತೋಡು ಸೇರುವಲ್ಲಿ, ಒಂದು ಗದ್ದೆಯ ಬದಿ, ಒಂದು ಅದೇ ಕೋಡಿಯ ಹತ್ತಿರ.