ಲೂಪಸ್ ಇರುವವರ ಮನೆ: ಅಡುಗೆ, ನೆಂಟರು, ಜ್ವರ

ನಮ್ಮ ಸೊಸೆಗೆ ಲೂಪಸ್ ಅಂತ ಗೊತ್ತಾದ ಮೇಲೆ ಬಂದವರೆಲ್ಲ ಇಮ್ಯೂನಿಟಿ ಹೆಚ್ಚಿಸುವ ಕಷಾಯ ಹೇಳಿಕೊಟ್ಟವರೇ. ನಾನು ಒಂದನ್ನೂ ಒಲೆ ಮೇಲೆ ಇಡಲಿಲ್ಲ. ಈ ಕಾಯಿಲೆಯಲ್ಲಿ ಮೈಯ ಕಾವಲು ಮೈಮೇಲೇ ತಿರುಗಿ ಬೀಳುತ್ತದೆ. ಅದನ್ನು ತಗ್ಗಿಸಲೆಂದೇ ಡಾಕ್ಟರು ಸ್ಟೀರಾಯ್ಡ್ ಥರದ ಮಾತ್ರೆ ಕೊಡುತ್ತಾರೆ. ಕಾವಲು ತಗ್ಗಿದಾಗ ಸೋಂಕು ಸುಲಭವಾಗಿ ಹತ್ತುತ್ತದೆ. ಅದನ್ನು ತಡೆಯೋದು ಮನೆಯವರ ಕೆಲಸ.

ಮೊದಲು ಅಡುಗೆಮನೆ. ಹಸಿ ಮೊಳಕೆಕಾಳಿನ ಕೋಸಂಬರಿ ಬೇಡ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾನೂ ಬೆಳೆಯುತ್ತದೆ, ತೊಳೆದರೆ ಪೂರ್ತಿ ಹೋಗಲ್ಲ. ಅದೇ ಕಾಳನ್ನು ಚೆನ್ನಾಗಿ ಬೇಯಿಸಿ ಪಲ್ಯ ಮಾಡಿ. ಅನ್ನ 2 ಗಂಟೆಗಿಂತ ಜಾಸ್ತಿ ಹೊರಗಿರಬಾರದು. ರಾತ್ರಿಯೆಲ್ಲ ಕಟ್ಟೆ ಮೇಲಿದ್ದ ಅನ್ನದ ಚಿತ್ರಾನ್ನ ಅವರ ತಟ್ಟೆಗೆ ಬೇಡವೇ ಬೇಡ. ಅದರಲ್ಲಿ ಹುಟ್ಟುವ ಒಂದು ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಕುಡಿಯುವ ನೀರು ಮಳ್ಳಿದ ಮೇಲೂ 1 ನಿಮಿಷ ಕುದಿಯಲಿ. ಪಂಚಾಮೃತದ್ದು ಸ್ವಲ್ಪ ಸೂಕ್ಷ್ಮ. ಅದರಲ್ಲಿರೋದು ಹಸಿ ಹಾಲು, ಮುಟ್ಟಿದ ಕೈಗಳೂ ಹತ್ತಾರು. ಕಣ್ಣಿಗೊತ್ತಿಕೊಂಡು ಬೇರೆಯವರಿಗೆ ಕೊಡಲಿ. ದೇವರೇನೂ ಬೇಜಾರು ಮಾಡಿಕೊಳ್ಳಲ್ಲ.

ಇನ್ನು ನೆಂಟರು. ಶೀತ, ಕೆಮ್ಮು ಇದ್ದವರು ವಾಸಿಯಾದ ಮೇಲೆ ಬರಲಿ. ಇದನ್ನು ಮನೆಯ ಹಿರಿಯರೇ ಹೇಳಬೇಕು. ಸೊಸೆ ಹೇಳಿದರೆ ಕೊಬ್ಬು ಅಂತಾರೆ, ಅತ್ತೆ ಹೇಳಿದರೆ ಸುಮ್ನೆ ಕೇಳ್ತಾರೆ, ಅಲ್ವಾ? ಹೊರಗಿಂದ ಬಂದವರು ಯಾರೇ ಆಗಲಿ, ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಲಿ.

ಬಾಲ್ಕನಿಯ ಪಾರಿವಾಳದ ಹಿಕ್ಕೆಯನ್ನು ಅವರ ಕೈಲಿ ಗುಡಿಸಬೇಡಿ. ಒಣಗಿದ ಹಿಕ್ಕೆಯ ಧೂಳಲ್ಲಿ ಶ್ವಾಸಕೋಶಕ್ಕೆ ಹತ್ತುವ ಶಿಲೀಂಧ್ರ ಇರಬಹುದು. ಬೇರೆ ಯಾರಾದರೂ ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ ತೆಗೆಯಲಿ.

ವರ್ಷಕ್ಕೊಮ್ಮೆ ಫ್ಲೂ ಚುಚ್ಚುಮದ್ದನ್ನು ಮನೆಮಂದಿಯೆಲ್ಲ ಹಾಕಿಸಿಕೊಳ್ಳಿ. ಪುಟ್ಟ ಮಗು ಇದ್ದರೆ, ಪೋಲಿಯೊ ಹನಿ ಹಾಕಿಸುವ ಮೊದಲು ಮನೆಯಲ್ಲಿ ಇಂಥವರಿದ್ದಾರೆ ಅಂತ ಮಕ್ಕಳ ಡಾಕ್ಟರಿಗೆ ತಿಳಿಸಿ. ಹನಿಯಲ್ಲಿರೋದು ಜೀವಂತ ವೈರಸ್, ಸೂಜಿಯದ್ದರಲ್ಲಿ ಹಾಗಿಲ್ಲ.

ಜ್ವರದ ವಿಷಯದಲ್ಲಿ ಮಾತ್ರ ನಾನು ಬಹಳ ಬಿಗಿ. ಥರ್ಮಾಮೀಟರ್ 100.4 ತೋರಿಸಿದರೆ ಅದು ನಡುರಾತ್ರಿಯಾದರೂ ಡಾಕ್ಟರಿಗೆ ಫೋನ್ ಮಾಡಿ. ಪ್ಯಾರಾಸಿಟಮಾಲ್ ಕೊಟ್ಟು ನಾಳೆ ನೋಡೋಣ ಅಂತ ಕೂರಬೇಡಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಒಳಗೆ ಸೋಂಕಿದ್ದರೂ ಜ್ವರ ಸರಿಯಾಗಿ ಏರದೇ ಇರಬಹುದು. ಚಳಿ ಬಂದು ನಡುಗಿದರೆ, ಉರಿಮೂತ್ರ ಇದ್ದರೆ, ಗಾಯದ ಸುತ್ತ ಕೆಂಪಾದರೆ ಅದೂ ಅಷ್ಟೇ ಮುಖ್ಯ. ಸೋಂಕಿನ ಹೆದರಿಕೆಗೆ ಸ್ಟೀರಾಯ್ಡನ್ನು ನೀವೇ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಕುತ್ತು. ಮಾತ್ರೆಗಳ ಹೆಸರು ಬರೆದ ಚೀಟಿ ಪರ್ಸಿನಲ್ಲೇ ಇರಲಿ.