ಮಳೆ ನಿಲ್ಲುವ ಮೊದಲೇ ಥೀಸಿಸ್ ಶುರು ಮಾಡಿ

ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಥೀಸಿಸ್ ಅಂದರೆ ಒಂದು ಸೈಟ್ ಆರಿಸಿ ಪೂರ್ತಿ ಡಿಸೈನ್ ಮಾಡುವ ಕೊನೆಯ ಪ್ರಾಜೆಕ್ಟ್. ಅದರ ಕೊನೆಯ ಸೆಮಿಸ್ಟರ್ ಹೆಚ್ಚಾಗಿ ಬೇಸಿಗೆಯಲ್ಲೇ ಮುಗಿಯುತ್ತದೆ. ಮಂಗಳೂರು, ಉಡುಪಿಯಲ್ಲಿ ಆಗ ನೆಲವೆಲ್ಲ ಒಣಗಿರುತ್ತದೆ. ಪರಿಸರಸ್ನೇಹಿ ಕಟ್ಟಡ, ಲ್ಯಾಂಡ್‌ಸ್ಕೇಪ್ ಅಂತ ವಿಷಯ ಆರಿಸಿದವರಿಗೆ ಇದೇ ದೊಡ್ಡ ತೊಡಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿಗೆ, ಮಳೆಯನ್ನೇ ನೋಡದೆ ಡಿಸೈನ್ ಮಾಡುವುದು ಹೇಗೆ? ಹಾಗಾಗಿ ಸೈಟನ್ನು ಒಂಬತ್ತನೇ ಸೆಮಿಸ್ಟರ್‌ನಲ್ಲೇ, ಮಳೆಗಾಲ ಇರುವಾಗಲೇ ಗೊತ್ತು ಮಾಡಿಕೊಳ್ಳಿ.

ಸೈಟ್ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇರಲಿ. ಸಮುದ್ರ ಅಥವಾ ಉಪ್ಪುನೀರು ಏರುವ ಹೊಳೆ ಪಕ್ಕದಲ್ಲಿದ್ದರೆ ಮೊದಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ ನೋಡಿ, ಎಲ್ಲಿ ಕಟ್ಟಬಹುದು ಅಂತ ಗೊತ್ತಾಗುತ್ತದೆ.

ಜೋರು ಮಳೆ ಬರುವಾಗ ಕೊಡೆ ಹಿಡಿದು ಅಲ್ಲಿಗೆ ಹೋಗಿ. ನೀರು ಯಾವ ಕಡೆಯಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರುತ್ತದೆ, ಎಲ್ಲ ಗುರುತು ಮಾಡಿಕೊಳ್ಳಿ. ಪಕ್ಕದ ಮನೆಯಲ್ಲಿ ಕೇಳಿ: "ಅಜ್ಜಿ, ಆಟಿ ತಿಂಗಳಲ್ಲಿ ಬಾವಿ ನೀರು ಎಲ್ಲಿವರೆಗೆ ಬರ್ತದೆ?" ಆಟಿ ಅಂದರೆ ಜೋರು ಮಳೆಯ ತುಳು ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಹಗ್ಗ ಇಳಿಸಿ, ತುದಿ ನೀರು ಮುಟ್ಟಿದಾಗ ಬಾವಿಕಟ್ಟೆಯ ಮಟ್ಟದಲ್ಲಿ ಹಗ್ಗಕ್ಕೆ ಒಂದು ಗಂಟು ಹಾಕಿ. ಬೇಸಿಗೆಯಲ್ಲಿ ಅದೇ ಬಾವಿಗೆ ಅದೇ ಹಗ್ಗ ಇಳಿಸಿ ಇನ್ನೊಂದು ಗಂಟು. ಮುರಕಲ್ಲಿನ (ಕೆಂಪುಕಲ್ಲಿನ) ನೆಲ ನೀರನ್ನು ಬೇಗ ಹೀರುತ್ತದೆ, ಬೇಗ ಬಿಟ್ಟೂ ಕೊಡುತ್ತದೆ. ನೀರು ಎಷ್ಟು ಇಳಿಯಿತು ಅನ್ನುವುದು ಎರಡು ಗಂಟುಗಳ ನಡುವಿನ ಅಂತರದಲ್ಲಿ ಅಳತೆಯಾಗಿ ಸಿಗುತ್ತದೆ.

ಆಮೇಲೆ ನೆಲದ ಏರುತಗ್ಗು ತೋರಿಸುವ ಕಾಂಟೂರ್ ನಕ್ಷೆಗೆ ಮೂರು ಬಣ್ಣ ಹಾಕಿ: ಎತ್ತರದ ಬೆಟ್ಟು, ನಡುವಿನ ಮಜಲು, ತಗ್ಗಿನ ಬೈಲು. ನೀರು ಎಷ್ಟು ದಿನ ನಿಲ್ಲುತ್ತದೆ ಅಂತ ನೋಡಿಯೇ ತುಳುನಾಡಿನ ರೈತರು ಗದ್ದೆಗಳನ್ನು ಹೀಗೆ ವಿಂಗಡಿಸಿದ್ದು. ಕಟ್ಟಡ ಬೆಟ್ಟಿನಲ್ಲಿರಲಿ, ತೋಟ ಮಜಲಿನಲ್ಲಿ. ಬೈಲನ್ನು ನೀರಿಗೇ ಬಿಡಿ. ಬೈಲಿಗೆ ಮಣ್ಣು ತುಂಬಿ, ಪಾರ್ಕಿಂಗ್ ಮಾಡಿ, ಸುತ್ತ ಸುಮ್ನೆ ಹುಲ್ಲು ಹಾಸಿದರೆ ಅದನ್ನು ಪರಿಸರಸ್ನೇಹಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಲೆಕ್ಕ. 100 ಚದರ ಮೀಟರ್ ಮಾಡಿನ (ಛಾವಣಿಯ) ಮೇಲೆ 4,000 ಮಿಲಿಮೀಟರ್ ಮಳೆ ಅಂದರೆ 4 ಲಕ್ಷ ಲೀಟರ್. ಐದನೇ ಒಂದು ಭಾಗ ಪೋಲಾದರೂ 3.2 ಲಕ್ಷ ಉಳಿಯುತ್ತದೆ. ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟಕ್ಕೂ ಟ್ಯಾಂಕ್ ಕಟ್ಟಲು ಆಗುವುದಿಲ್ಲ ಅಲ್ವಾ? ಎಷ್ಟು ಟ್ಯಾಂಕಿಗೆ, ಎಷ್ಟು ಕೆರೆಗೆ, ಎಷ್ಟು ನೆಲಕ್ಕೆ ಇಂಗಿಸುವುದು ಅಂತ ತೀರ್ಮಾನಿಸಿ. ಪ್ಲಾನ್ ಅಲ್ಲಿಂದಲೇ ಹುಟ್ಟಬೇಕು.

ಸಾಮಗ್ರಿ ವಿಷಯದಲ್ಲಿ "ಸ್ಥಳೀಯ" ಅಂತ ಬರೆದರೆ ಸಾಲದು. ಕೆಂಪುಕಲ್ಲಿನ ಕೋರೆ ಎಷ್ಟು ದೂರ, ಲಾರಿ ಬಾಡಿಗೆ ಎಷ್ಟು ಅಂತ ಕೇಳಿ ಬರೆಯಿರಿ. ಸ್ವಿಸ್ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ನಾಡು ಇದು. ಹಳೆ ಮನೆ ಕೆಡವಿದಾಗ ಸಿಗುವ ಹಂಚನ್ನು ಮತ್ತೆ ಹೊದಿಸಬಹುದು. ಪಶ್ಚಿಮದ ಗೋಡೆಗೆ ಮಳೆ ಓರೆಯಾಗಿ ಬಡಿಯುತ್ತದೆ, ಅಲ್ಲಿ ಸೂರು ಜಾಸ್ತಿ ಚಾಚಲಿ.

ಸಬ್ಮಿಷನ್‌ಗೆ ಒಂದು ತಿಂಗಳಿರುವಾಗ ಪ್ಲಾನ್ ಬದಲಿಸುವುದನ್ನು ನಿಲ್ಲಿಸಿ. ಆ ಸಮಯ ಡ್ರಾಯಿಂಗ್, ಮಾಡೆಲ್‌ಗೆ ಬೇಕು. ಪರೀಕ್ಷಕರು ಕೆಲಸ ನೋಡುವ ಜ್ಯೂರಿ ದಿನ ಮೊದಲ ಶೀಟಿನಲ್ಲಿ ಬೆಟ್ಟಿನಿಂದ ಬೈಲಿನವರೆಗಿನ ಉದ್ದದ ಸೆಕ್ಷನ್ (ನೆಲ, ಕಟ್ಟಡವನ್ನು ಸೀಳಿ ತೋರಿಸುವ ಚಿತ್ರ) ಇರಲಿ. ಒಂದೇ ಸೆಕ್ಷನ್ ಎರಡು ಸಲ, ಮೇಲೆ ಜುಲೈ, ಕೆಳಗೆ ಏಪ್ರಿಲ್. ಎರಡರಲ್ಲೂ ಬಾವಿಯ ನೀರಿನ ಮಟ್ಟ ಕಾಣಲಿ. ತ್ರೀಡಿ ಚಿತ್ರಗಳು ಆಮೇಲೆ ಬಂದರೆ ಸಾಕು.