ಪಾರ್ಟಿಯ ಅವಸರ ನಿಮ್ಮ ಹೊಟ್ಟೆಯಲ್ಲೇ ಇರಲಿ

ದಾವಣಗೆರೆಯಲ್ಲಿ ಮನೆ, ಸೈಟು ಮಾರಿಸುವ ಕೆಲಸಕ್ಕೆ ಇಳಿದು ನನಗೆ 16 ವರ್ಷವಾಯಿತು. ಹೊಸದಾಗಿ ಬರುವ ಹುಡುಗರಿಗೆ ಮೊದಲು ಹೇಳುವುದು ಇದನ್ನೇ: ನಿಮ್ಮ ಪಾರ್ಟಿಗೆ, ಅಂದರೆ ನೀವು ಯಾರ ಪರ ವ್ಯವಹಾರ ಮಾಡ್ತೀರೋ ಅವರಿಗೆ, ಎಷ್ಟು ಅರ್ಜೆಂಟ್ ಇದೆ ಅಂತ ಎದುರಿನವರಿಗೆ ಗೊತ್ತಾಗಬಾರದು.

ನಿಟುವಳ್ಳಿಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು ಮನೆ ಮಾರುತ್ತಿದ್ದರು. ಕೊಳ್ಳುವವರು ಬಂದು ಪಡಸಾಲೆಯಲ್ಲಿ ಕೂತರು. ಟೀಪಾಯಿ ಮೇಲೆ ಮದುವೆ ಕಾರ್ಡಿನ ಕಟ್ಟು, ಮೂಲೆಗೆ ಅರಿಶಿನ ಹಚ್ಚಿದ್ದು. "ಮಗಳ ಮದುವೆನಾ ಮೇಷ್ಟ್ರೇ, ಯಾವಾಗ?" ಅಂದರು. "ಮುಂದಿನ ತಿಂಗಳೇ" ಅಂತ ಇವರು ಖುಷಿಯಿಂದ ಹೇಳಿಬಿಟ್ಟರು. ಅಲ್ಲಿವರೆಗೆ 50 ಸಾವಿರಕ್ಕೆ ಜಗ್ಗಾಡುತ್ತಿದ್ದವರು ಒಮ್ಮೆಲೇ ಎರಡೂವರೆ ಲಕ್ಷ ಇಳಿಸಿದರು. ಮೇಷ್ಟ್ರು ಒಪ್ಪಿದರು, ಇನ್ನೇನು ಮಾಡ್ತಾರೆ? ಆ ಕಾರ್ಡುಗಳನ್ನು ಎತ್ತಿಡಿಸುವುದು ನನ್ನ ಕೆಲಸವಾಗಿತ್ತು. ಇವತ್ತಿಗೂ ಬೇಜಾರಿದೆ.

ಈಗ ಹಿಂದಿನ ದಿನವೇ ಪಾರ್ಟಿಯ ಮನೆಗೆ ಹೋಗುತ್ತೇನೆ. ಏನು ಹೇಳಬಾರದು ಅಂತ ಮನೆಯವರಿಗೆಲ್ಲ ತಿಳಿಸುತ್ತೇನೆ. ಹೇಳುವ ರೇಟು, ಕೊನೆಯ ರೇಟು ಎರಡನ್ನೂ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಕೊನೆಯ ರೇಟನ್ನು ಎದುರು ಕಡೆಯ ಬ್ರೋಕರ್‌ಗೆ ಹೇಳಬೇಡಿ, ಗೆಳೆಯನಾದರೂ ಸರಿ. ಎರಡೂ ಕಡೆ ಕಮಿಷನ್ ತಗೊಳ್ಳುವುದಿದ್ದರೆ ಇಬ್ಬರಿಗೂ ಮೊದಲೇ ತಿಳಿಸಿ.

ಕೊಳ್ಳುವವರ ಕಡೆ ಇದ್ದರೆ ರೇಟಿಗಿಂತ ಮೊದಲು ಕಾಗದ. ಇ-ಖಾತೆ, ಕಂದಾಯದ ರಸೀದಿ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ತೆಗೆಸಿದ ಇಸಿ (ಆಸ್ತಿ ಮೇಲಿನ ಋಣಭಾರ ಪತ್ರ) ನೋಡಿ. ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ, ಅಳತೆ) ಓದಿ ಸುಮ್ನೆ ತಲೆಯಾಡಿಸಬೇಡಿ, ಟೇಪು ಹಿಡಿದು ಅಳೆಸಿ. ಒಂದ್ಸಲ ಶಾಮನೂರು ಕಡೆ 30-40ರ ಸೈಟು ಅಗಲದಲ್ಲಿ ಒಂದೂವರೆ ಅಡಿ ಕಮ್ಮಿ ಬಂತು. 40 ಅಡಿ ಉದ್ದಕ್ಕೆ 60 ಚದರ ಅಡಿ ಹೋಯಿತಲ್ವಾ? ಅಷ್ಟರ ದುಡ್ಡು ಮುರಿಸಿದೆ. ಹೊಸ ಲೇಔಟ್ ಆದರೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಿ. ರೇರಾ ಲೇಔಟಿನ ಸೈಟು ಮಾರಿಸಲು 2016ರ ಕಾಯ್ದೆ ಪ್ರಕಾರ ನಮಗೂ ನೋಂದಣಿ ಬೇಕು.

ಅಡ್ವಾನ್ಸ್ 20,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಗದು ಬೇಡ. ಆದಾಯ ತೆರಿಗೆಯವರು ಹಿಡಿದರೆ, ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕ್ ಲೋನ್ ಆಗದಿದ್ದರೆ ಅಡ್ವಾನ್ಸ್ ವಾಪಸ್ಸಾ, ಬಾಕಿ ಕಂದಾಯ ಯಾರು ಕಟ್ಟಬೇಕು, ಎಲ್ಲ ಅಗ್ರಿಮೆಂಟಿನಲ್ಲಿ ಬರೆಸಿ.

ಮಾತು ಬಿಗಿಯಾದಾಗ ನಿಮ್ಮ ಪಾರ್ಟಿಯ ದನಿ ಸಣ್ಣದಾಗುತ್ತದೆ. ತಕ್ಷಣ ಹೊರಗೆ ಕರೆದುಕೊಂಡು ಬನ್ನಿ. ಟೀ ಕುಡಿಸಿ, ಡೈರಿ ತೆಗೆದು ನಿನ್ನೆ ಅವರೇ ಹೇಳಿದ ಕೊನೆಯ ರೇಟು ತೋರಿಸಿ. ಅದಕ್ಕಿಂತ ಕೆಳಗೆ ಇಳಿಯುವ ಹಾಗಿದ್ದರೆ ಒಳಗೆ ಹೋಗಿ, "ನಾಳೆ ಕೂರೋಣ" ಅಂದು ಎದ್ದು ಬನ್ನಿ.